ಹುಳು ಬರೆದ ಹೆಸರು

ನನಗೆ ಅಕ್ಷರಗಳ ಹುಚ್ಚು. ಓದುವ ಹುಚ್ಚು ಅಂದುಕೊಳ್ಳಬೇಡಿ, ನೋಡುವ ಹುಚ್ಚು. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ‘ಶ್ರೀನಿವಾಸಪುರ’ ಎಂಬ ಬೋರ್ಡು ಹೊತ್ತ ಬಸ್ಸು ಬಂದು ನಿಂತರೆ, ಅದು ನಾನು ಹತ್ತಬೇಕಾದ ಬಸ್ಸು ಎನ್ನುವುದು ನನಗೆ ಹೊಳೆಯುವುದು ಅದು ಹೊರಟ ಮೇಲೆ. ಅಲ್ಲಿಯವರೆಗೂ ಆ ‘ಶ್ರೀ’ಯ ಬಾಲವನ್ನು ಪೇಂಟರು ಎಷ್ಟು ಠೀವಿಯಿಂದ ಎಳೆದಿದ್ದಾನೆ ಎಂದು ಬಾಯಿ ಬಿಟ್ಟುಕೊಂಡು ನೋಡುತ್ತಿರುತ್ತೇನೆ. ಟೊಮೆಟೊ ಮಂಡಿಯ ಕ್ರೇಟುಗಳ ಮೇಲೆ ಬಣ್ಣದಲ್ಲಿ ಒತ್ತಿದ ಅಕ್ಷರ, ಲಾರಿಗಳ ಹಿಂದಿನ ಅಕ್ಷರ, ಹೋಟೆಲಿನ ಗಾಜಿನ ಮೇಲೆ ‘ಮುದ್ದೆ ಊಟ ಸಿಗುತ್ತದೆ’ ಎಂದು ಅಂಟಿಸಿದ ಅಕ್ಷರ, ಇವುಗಳ ಫೋಟೊಗಳೇ ನನ್ನ ಫೋನಿನ ತುಂಬಾ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಅದನ್ನೆಲ್ಲಾ ನೋಡಿ, “ನನ್ನದೊಂದು ಫೋಟೋನೂ ಇಲ್ವಲ್ಲೇ ಇದ್ರಲ್ಲಿ!” ಎಂದು ಮುನಿಸಿಕೊಂಡಿದ್ದರು. ಒಮ್ಮೆ ಮಾಲೂರಿನ ಶಿವಾರಪಟ್ಟಣಕ್ಕೆ ಹೋಗಿದ್ದಾಗ ಮನೆಯವರೆಲ್ಲಾ ಕಲ್ಲಿನ ವಿಗ್ರಹಗಳನ್ನು ನೋಡುತ್ತಿದ್ದರೆ, ನಾನು ಪೀಠದ ಮೇಲೆ ಕೆತ್ತಿದ ಹೆಸರುಗಳನ್ನು ಬೆರಳಿನಿಂದ ಸವರುತ್ತಾ ಕೂತುಬಿಟ್ಟಿದ್ದೆ. ಕೊನೆಗೆ ನನ್ನನ್ನು ಎಳೆದುಕೊಂಡು ಬಂದರು.

ಈ ಹುಚ್ಚಿನಿಂದಲೇ ಹುಟ್ಟಿದ್ದು ಕೋಲಾರದ ನನ್ನ ಅಂಗಡಿ. ಕಂಪ್ಯೂಟರಿನಲ್ಲಿ ಬರೆದ ಅಕ್ಷರವನ್ನು ಫೋಮ್ ಶೀಟಿನಲ್ಲೋ ಪ್ಲೈವುಡ್ಡಿನಲ್ಲೋ ಕತ್ತರಿಸಿ ಕೊಡುವ ಮೆಷಿನ್ ಒಂದಿದೆ. ಕೇಕಿನ ಮೇಲೆ ಚುಚ್ಚುವ ಹೆಸರು, ನಾಮಕರಣದ ತೊಟ್ಟಿಲ ಹಿಂದೆ ಹಾಕುವ ಹೆಸರು, ಮದುವೆ ಸ್ಟೇಜಿನ ಹೆಸರು, ಎಲ್ಲಾ ಮಾಡುತ್ತೇನೆ. ಆದರೆ ನನಗೊಂದು ಸಂಕಟ. ಇಂಗ್ಲಿಷಿನಲ್ಲಿ ಬಳ್ಳಿಯ ಹಾಗೆ ಹಬ್ಬುವ ಫಾಂಟು, ಐಸ್ ಕ್ರೀಮಿನ ಹಾಗೆ ಕರಗುವ ಫಾಂಟು, ಹೊಲಿಗೆ ಹಾಕಿದ ಹಾಗೆ ಕಾಣುವ ಫಾಂಟು, ಕೇಳಿದ್ದೆಲ್ಲಾ ಇದೆ. ನಮ್ಮ ಕನ್ನಡಕ್ಕೆ? ಎಲ್ಲರ ಲಗ್ನಪತ್ರಿಕೆಯಲ್ಲೂ ಅದೇ ಅಕ್ಷರ, ಎಲ್ಲರ ಗೃಹಪ್ರವೇಶದ ಫ್ಲೆಕ್ಸಿನಲ್ಲೂ ಅದೇ ಅಕ್ಷರ! ನೋಡಿ ನೋಡಿ ತಲೆ ಕೆಟ್ಟು ನಾನೇ ಬರೆಯಲು ಶುರುಮಾಡಿದೆ. ಮಲ್ಲಿಗೆ ಮೊಗ್ಗು ಪೋಣಿಸಿದಂತಹ ಒಂದು ಫಾಂಟು. ಶ್ರೀನಿವಾಸಪುರದ ಮಾವಿನಕಾಯಿಗಳನ್ನು ಒಂದಕ್ಕೊಂದು ತಾಗಿಸಿದಂತಹ ಒಂದು ಫಾಂಟು. ಇನ್ನೊಂದು ದಪ್ಪಗೆ, ದುಂಡಗೆ, ಎಲ್ಲೂ ಮೂಲೆಯೇ ಇಲ್ಲದೆ, ಆಗ ತಾನೇ ತಟ್ಟೆಗೆ ಬಿದ್ದ ಹಾಗೆ ಕೂತಿರುವುದು. ಅದಕ್ಕೆ ‘ಮುದ್ದೆ’ ಎಂದೇ ಹೆಸರಿಟ್ಟೆ.

ನನ್ನ ಅತ್ತೆಯ ಮನೆ ಹುತ್ತೂರಿನ ಹತ್ತಿರದ ಹಳ್ಳಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆ ಸಾಕುವ ಹುಳುಮನೆ. ಆ ಹುಳುಮನೆಗೆ ಅತ್ತೆಯೇ ಪೊಲೀಸು, ಅತ್ತೆಯೇ ಜಡ್ಜು. ಸೆಂಟು ಪೂಸಿಕೊಂಡು ಒಳಗೆ ಹೋಗುವಂತಿಲ್ಲ, ಬಾಗಿಲ ಬಳಿ ಬೀಡಿ ಹಚ್ಚುವಂತಿಲ್ಲ, ಹುಳು ಹಣ್ಣಾಗುವ ಹೊತ್ತಿಗೆ ಅಡುಗೆಮನೆಯಲ್ಲಿ ಘಾಟಿನ ಒಗ್ಗರಣೆಯೂ ಹಾಕುವಂತಿಲ್ಲ. ಹಣ್ಣಾಗುವುದು ಎಂದರೆ, ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಮೈಯೆಲ್ಲಾ ಹಳದಿಯಾಗಿ, ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಕಾಣುತ್ತಾ ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಅವನ್ನು ಒಂದೊಂದಾಗಿ ಆರಿಸಿ, ಸುರುಳಿ ಸುರುಳಿಯಾಗಿ ಬಿದಿರು ಪಟ್ಟಿ ಕಟ್ಟಿದ ಚಂದ್ರಂಕಿಯ ಮೇಲೆ ಬಿಡಬೇಕು. ಆ ಹೊತ್ತಿನಲ್ಲಿ ನಾನಾಗಲಿ, ನನ್ನ ನಾದಿನಿಯಾಗಲಿ ಹುಳು ಮುಟ್ಟಿದರೆ ಸಾಕು, ಅತ್ತೆ ಎಲ್ಲಿದ್ದರೂ ಕೂಗು ಕೇಳಿಸುತ್ತಿತ್ತು: “ಮೆಲ್ಲಗೆ ಕಣೇ! ಹಣ್ಣಾದ ಹುಳ ಅದು!”

ನಾದಿನಿಗೆ ಮುಳಬಾಗಿಲಿನ ಸಂಬಂಧ ಬಂತು. ಅವರದು ಸೀರೆ ಅಂಗಡಿ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಬಜ್ಜಿ ತಿಂದು, ಕೇಸರಿಬಾತು ತಿಂದು, ಎಲ್ಲಾ ಒಪ್ಪಿಗೆಯಾಗಿ ಹೊರಗೆ ಬರುವಾಗ ಹುಡುಗನ ಸೋದರತ್ತೆ ಹುಳುಮನೆಯ ಕಡೆ ನೋಡಿ ಸೆರಗನ್ನು ಮೂಗಿಗೆ ಹಿಡಿದರು. “ಹುಡುಗಿ ಲಕ್ಷಣವಾಗಿದ್ದಾಳಮ್ಮಾ. ಹುಳದ ವಾಸನೆ ಒಂದು ಅವಳ ಜೊತೆ ನಮ್ಮನೇಗೆ ಬರದಿದ್ರೆ ಸಾಕು” ಎಂದು ನಕ್ಕರು. ಅವರ ಕಡೆಯವರೂ ನಕ್ಕರು. ಹುಡುಗ ಮಾತ್ರ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ನನಗಂತೂ ಮೈಯೆಲ್ಲಾ ಉರಿದುಹೋಯಿತು. ಅಲ್ಲಾ ಸ್ವಾಮಿ, ಅಂಗಡಿ ತುಂಬಾ ರೇಷ್ಮೆ ಸೀರೆ ಮಾರುವವರು, ಆ ರೇಷ್ಮೆ ಏನು ಮರದಲ್ಲಿ ಕಾಯಾಗುತ್ತದೆ ಅಂದುಕೊಂಡಿದ್ದಾರಾ? ಬಾಯಿ ತೆರೆದೆ. ಅತ್ತೆ ನನ್ನ ಕೈ ಹಿಂಡಿ ಸುಮ್ಮನಿರಿಸಿದರು.

ಅವರು ಹೋದ ಮೇಲೆ ಅತ್ತೆಗೆ ಕೋಪ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಬದಲಿಗೆ ತಮ್ಮ ಸೆರಗನ್ನೇ ಮೂಸಿ ನೋಡಿಕೊಂಡರು. ಅದನ್ನು ನೋಡಿ ನನಗೆ ಅಳು ಬಂತು. “ನೋಡ್ರಮ್ಮಾ, ಛತ್ರದಲ್ಲಿ ಯಾರೂ ಹುಳ ಅನ್ನೋ ಮಾತೇ ಎತ್ತಬಾರದು. ನನ್ನ ಮಗಳು ಅಲ್ಲಿ ಬಾಳ್ಬೇಕು” ಎಂದರು. ಅಳಿಯನಾಗುವವನನ್ನು ಅಂದಿನಿಂದಲೇ ‘ಅಳಿಯಂದಿರು’ ಎಂದು ಬಹುವಚನದಲ್ಲಿ ಕರೆಯತೊಡಗಿದರು. ಅವನು ಫೋನ್ ಮಾಡಿದರೆ ಎದ್ದು ನಿಂತು ಮಾತಾಡುತ್ತಿದ್ದರು.

ಮಾರನೇ ವಾರ ನಾದಿನಿ ನನ್ನ ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕೂತಳು. ಆಮೇಲೆ ಕೇಳಿದಳು.

“ಅತ್ತಿಗೆ, ಸ್ಟೇಜಿಗೆ ನನ್ನ ಹೆಸರು ನೀವೇ ಮಾಡ್ತೀರಲ್ವಾ?”

“ಮತ್ತಿನ್ಯಾರು ಮಾಡ್ಬೇಕಿತ್ತೇ? ಮಲ್ಲಿಗೆ ಮೊಗ್ಗಿನ ಫಾಂಟಲ್ಲಿ ಮಾಡ್ತೀನಿ ನೋಡು, ಮುಳಬಾಗಿಲೇ ತಿರುಗಿ ನೋಡ್ಬೇಕು.”

“ಅದು ಬೇಡ. ನಮ್ಮ ಹುಳಾನೇ ಬರೀಲಿ.”

ನನಗೆ ಅರ್ಥವಾಗಲಿಲ್ಲ. ಅವಳೇ ನೆನಪಿಸಿದಳು. ಹಿಂದೊಮ್ಮೆ ಚಂದ್ರಂಕಿಯಿಂದ ಜಾರಿದ ಹುಳು ಒಂದು ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಸಿಕ್ಕಿಕೊಂಡಿತ್ತು. ಗೂಡು ಕಟ್ಟಲು ಅಲ್ಲಿ ಮೂಲೆಯೂ ಇಲ್ಲ, ಆಸರೆಯೂ ಇಲ್ಲ. ಸುತ್ತಿ ಸುತ್ತಿ ಸಾಕಾಗಿ ಕೊನೆಗೆ ಮುಚ್ಚಳದ ಮೇಲೆಯೇ ತೆಳ್ಳಗೆ, ಹಪ್ಪಳದ ಹಾಗೆ, ರೇಷ್ಮೆ ಹಾಸಿತ್ತು. “ಮುಚ್ಚಳದ ಬದಲು ಅಕ್ಷರ ಇದ್ರೆ?” ಎಂದಳು ನಾದಿನಿ. “ಮೂಗು ಮುಚ್ಕೊಂಡವರ ಮನೆಗೆ ನಾನು ತಲೆ ತಗ್ಗಿಸ್ಕೊಂಡು ಹೋಗಲ್ಲ ಅತ್ತಿಗೆ. ನನ್ನ ಹೆಸರನ್ನ ಅವ್ರು ಮೊದಲು ನೋಡೋದೇ ಹೀಗೆ ನೋಡ್ಬೇಕು.”

ಅಬ್ಬಾ! ಇಷ್ಟು ವರ್ಷ ಮೊಗ್ಗು, ಮಾವಿನಕಾಯಿ ಅಂತ ಅಕ್ಷರಕ್ಕೆ ವೇಷ ಹಾಕುತ್ತಾ ಕೂತಿದ್ದ ನನಗೆ, ಜೀವ ಇರುವ ಹುಳುವೇ ಬಂದು ಅಕ್ಷರ ಬರೆಯಬಹುದು ಎಂದು ಹೊಳೆದೇ ಇರಲಿಲ್ಲ. ಅವಳನ್ನು ತಬ್ಬಿಕೊಂಡೆ. ಅಂಗಡಿಯ ಬಾಗಿಲು ಎಳೆದು, ಆಗಿಂದಾಗಲೇ ಕೆಲಸಕ್ಕೆ ಕೂತೆ.

ಅವಳದು ಮೂರಕ್ಷರದ ಹೆಸರು. ಇಲ್ಲಿ ಬರೆದರೆ ಬೈಯುತ್ತಾಳೆ, ಬಿಡಿ. ಯಾವ ಫಾಂಟಿನಲ್ಲಿ ಬರೆಯುವುದು? ಮೊಗ್ಗಿನ ಫಾಂಟಿನಲ್ಲಿ ಸಂದುಗಳು ಜಾಸ್ತಿ, ಸಂದು ಕಂಡರೆ ಹುಳು ಅಲ್ಲೇ ಗೂಡು ಕಟ್ಟಿಬಿಡುತ್ತದೆ. ಸಪೂರ ಗೆರೆಯ ಅಕ್ಷರವಾದರೆ ಹುಳುವಿಗೆ ತಲೆ ಆಡಿಸಲು ಜಾಗ ಸಾಲದು. ಹುಳು ನೂಲು ಬಿಡುವಾಗ ತಲೆಯನ್ನು ಆ ಕಡೆ ಈ ಕಡೆ ತೂಗುತ್ತಲೇ ಇರಬೇಕಲ್ಲ. ಹಾಗಾಗಿ ಉಳಿದಿದ್ದು ಒಂದೇ, ನನ್ನ ‘ಮುದ್ದೆ’! ಮೂಲೆಯಿಲ್ಲದ, ಹೊಟ್ಟೆ ತುಂಬಿದ ಫಾಂಟು. ಮೊಳದುದ್ದದ ಮೂರು ಅಕ್ಷರಗಳನ್ನು ತೆಳು ಪ್ಲೈವುಡ್ಡಿನಲ್ಲಿ ಕತ್ತರಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದೆ. ಬಣ್ಣ ಹಚ್ಚಲಿಲ್ಲ, ಗೋಂದು ಮುಟ್ಟಿಸಲಿಲ್ಲ. ವಾಸನೆ ಹೋಗಲಿ ಎಂದು ನೀರಲ್ಲಿ ತೊಳೆದು ತಾರಸಿಯ ಮೇಲೆ ಒಣಗಿಸಿದೆ.

ಬೆಳೆ ಹಣ್ಣಾಗುವುದೂ ಮದುವೆಯೂ ಒಂದೇ ವಾರದಲ್ಲಿ ಬಿದ್ದಿದ್ದವು. ಅತ್ತೆಯನ್ನು ಒಪ್ಪಿಸುವುದಿತ್ತಲ್ಲ, ಅದು ಕಷ್ಟವಾಯಿತು. ಅತ್ತೆಯ ತವರು ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿ. ಸಿಟ್ಟು ಬಂದರೆ ತೆಲುಗು ತಾನಾಗಿ ಬರುತ್ತದೆ.

“ಪಿಚ್ಚಿ ಗಿಚ್ಚಿ ಹಿಡಿದಿದ್ಯೇನಮ್ಮಾ ನಿಂಗೆ? ಹುಳ ಏನು ಬೋರ್ಡ್ ಬರಿಯೋ ಪೇಂಟರಾ? ಹುಳದ ಮಾತೇ ಬೇಡ ಅಂತ ನಾನು ಬಾಯಿ ಬಡ್ಕೋತಿದ್ರೆ ನೀವಿಬ್ರೂ ಅದನ್ನ ಸ್ಟೇಜಿಗೇ ಹತ್ತಿಸ್ತೀವಿ ಅಂತೀರಲ್ಲಾ!”

ನಾನು ಜಗಳಕ್ಕೆ ನಿಂತೆ. ನಾದಿನಿ ಜಗಳವಾಡಲಿಲ್ಲ. “ಅಮ್ಮಾ, ಈ ಮನೇಲಿ ನಾನು ಸಾಕೋ ಕೊನೇ ಬೆಳೆ ಇದು” ಎಂದಳು ಅಷ್ಟೇ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, “ಒಂದು ಮೊರ ಹುಳ ಕೊಡ್ತೀನಿ. ಯಾರು ಕೇಳಿದ್ರೂ ರೇಷ್ಮೆ ಬಟ್ಟೆ ಅನ್ನಿ. ಹುಳ ಅಂದ್ರೆ ಇಬ್ರಿಗೂ ಅಲ್ಲೇ ಗ್ರಹಚಾರ ಬಿಡಿಸ್ತೀನಿ” ಎಂದರು. ನಾವಿಬ್ಬರೂ ತಲೆಯಾಡಿಸಿದೆವು.

ಮನೆಯ ಹಿಂದಿನ ಕೋಣೆಯಲ್ಲಿ ಅಕ್ಷರಗಳನ್ನು ಕೋಲಿಗೆ ಕಟ್ಟಿ, ಕೋಲನ್ನು ರಾಗಿ ತುಂಬಿದ ಬಕೆಟ್ಟುಗಳಲ್ಲಿ ನೆಟ್ಟು ನಿಲ್ಲಿಸಿದೆವು. ಕೆಳಗೆ ಹಳೇ ಪಂಚೆ ಹಾಸಿದೆವು. ಬೆಳಿಗ್ಗೆ ಹುಳು ಬಿಟ್ಟೆವು. ಅವು ಹತ್ತುವುದೇನು, ಇಳಿಯುವುದೇನು! ಅಕ್ಷರದ ಹೊಟ್ಟೆಯ ಸುತ್ತ ಒಂದು ಸುತ್ತು, ತಲೆಕಟ್ಟಿನ ಮೇಲೆ ಒಂದು ಸುತ್ತು, ತುದಿಗೆ ಬಂದು ತಲೆಯೆತ್ತಿ ಗಾಳಿಯಲ್ಲಿ ಹುಡುಕುವುದು, ಮತ್ತೆ ಹಿಂದಕ್ಕೆ. ಕೆಲವು ಕೆಳಗೆ ಬೀಳುತ್ತಿದ್ದವು, ಎತ್ತಿ ಮತ್ತೆ ಬಿಡುತ್ತಿದ್ದೆವು. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಮೊದಲ ಅಕ್ಷರದ ಅಂಚಿನಲ್ಲಿ ನೂಲು ಹೊಳೆಯಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ಓಡಿ ಬಂದರು.

ಮಾರನೇ ಬೆಳಿಗ್ಗೆ ಎದ್ದು ಹಲ್ಲೂ ಉಜ್ಜದೆ ಓಡಿದೆ. ನೋಡುತ್ತೇನೆ, ಮೂರು ಅಕ್ಷರಗಳ ಬೆನ್ನಿಗೂ ತೊಗರಿ ಕಡ್ಡಿಗಳು, ಒಣಗಿದ ಮಾವಿನೆಲೆಗಳು! ಆ ಕಡ್ಡಿ, ಎಲೆಗಳ ಸಂದಿನಲ್ಲಿ ಹುಳುಗಳೆಲ್ಲಾ ಸುಖವಾಗಿ ಗೂಡು ಕಟ್ಟುತ್ತಾ ಕೂತಿವೆ. ಅಕ್ಷರದ ಮೇಲೆ ಅಲ್ಲೊಂದು ಇಲ್ಲೊಂದು ಎಳೆ ಬಿಟ್ಟರೆ ಬರೀ ಪ್ಲೈವುಡ್ಡು. ಅತ್ತೆ ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಯಾರು ಮಾಡಿದ್ದು ಇದು?”

“ನಾನೇ ಕಣಮ್ಮಾ. ಬೆಳಗಿನ ಜಾವ ನೋಡ್ದೆ. ಪಾಪ, ಒಂದು ಮೂಲೆ ಇಲ್ದೆ ಅಲೀತಿದ್ವು. ಹಣ್ಣಾದ ಹುಳ ಅಲೀಬಾರ್ದು. ಕೈ ಸುಮ್ನೆ ಇರಲಿಲ್ಲ.”

ನನ್ನ ಬಾಯಿ ಆವತ್ತು ಏನೇನು ಆಡಿತೋ. “ಬೇಡ ಅನ್ನೋದಾದ್ರೆ ಮೊದಲೇ ಬೇಡ ಅನ್ಬೇಕಿತ್ತು, ಹೀಗೆ ಹಾಳು ಮಾಡ್ಬಾರ್ದಿತ್ತು” ಎಂದು ಕಿರುಚಾಡಿದೆ. ಅವರು ಹಾಳು ಮಾಡಲು ಮಾಡಿದ್ದಲ್ಲ ಎಂದು ನನಗೂ ಗೊತ್ತಿತ್ತು. ಹುಳು ಅಲೆಯುವುದನ್ನು ನೋಡಿ ಸುಮ್ಮನಿರುವುದು ಆ ಕೈಗೆ ಅಭ್ಯಾಸವೇ ಇಲ್ಲ. ಗದ್ದಲ ಕೇಳಿ ನಾದಿನಿ ಬಂದಳು. ಬೋಳು ಅಕ್ಷರಗಳನ್ನು ನೋಡಿದಳು. ಅವತ್ತು ಸೋದರತ್ತೆ ಆ ಮಾತಾಡಿದಾಗಲೂ ಅಳದಿದ್ದವಳು, ರಾಗಿ ಬಕೆಟ್ಟಿನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಚಪ್ಪರಕ್ಕೆ ಕಂಬ ಇಳಿಸುತ್ತಿದ್ದರು.

ಅತ್ತೆ ಕಸಬರಿಗೆ ಎಸೆದು ಹುಳುಮನೆಗೆ ನುಗ್ಗಿದರು. ಯಾವ ಬೆಳೆಯಲ್ಲೂ ಒಂದಿಷ್ಟು ಸೋಮಾರಿ ಹುಳುಗಳಿರುತ್ತವೆ. ಮಿಕ್ಕವೆಲ್ಲಾ ಗೂಡಿಗೆ ಹತ್ತಿದ ಮೇಲೂ ಅವು ಆರಾಮಾಗಿ ಸೊಪ್ಪು ಮೇಯುತ್ತಿರುತ್ತವೆ. ಅಂಥವನ್ನೆಲ್ಲಾ ಆರಿಸಿ ಮೊರದಲ್ಲಿ ತಂದು ಮಗಳ ಮುಂದೆ ಇಟ್ಟರು. “ಏಳೇ. ಇವು ಇವತ್ತು ನಾಳೆ ಹಣ್ಣಾಗ್ತವೆ. ಆದಷ್ಟು ಆಗ್ಲಿ. ಅಳ್ತಾ ಕೂತ್ರೆ ಹೆಸರು ಬರೆಯೋರು ಯಾರು?” ಎಂದರು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಓಟ. ಕಡ್ಡಿ, ಎಲೆಗಳನ್ನು ಗೂಡಿನ ಸಮೇತ ಬಿಚ್ಚಿ ತೆಗೆಯುವುದು, ಹಣ್ಣಾದ ಹುಳು ಕಂಡ ಕೂಡಲೇ ಅಕ್ಷರಕ್ಕೆ ಬಿಡುವುದು, ಬಿದ್ದದ್ದನ್ನು ಎತ್ತುವುದು, ಕಿಟಕಿ ತೆರೆದು ಗಾಳಿ ಆಡಿಸುವುದು. ನಾದಿನಿಯ ಕೈಗೆ ಮೆಹಂದಿ ಹಾಕಲು ಬಂದವಳನ್ನು ಹೊರಗಿನ ಚಪ್ಪರದಲ್ಲೇ ಕೂರಿಸಿದೆವು. ಹುಳುಗಳ ಹತ್ತಿರ ಮೆಹಂದಿಗೆ ಬೆರೆಸಿದ ನೀಲಗಿರಿ ಎಣ್ಣೆಯ ಘಾಟು ಸುಳಿಯಬಾರದಲ್ಲ. ಅತ್ತೆಯಂತೂ ಅಕ್ಷರಗಳ ಎದುರು ಮಣೆ ಹಾಕಿಕೊಂಡು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ಹುಳು ತುದಿಯಲ್ಲಿ ತಲೆಯೆತ್ತಿ ಹುಡುಕಾಡಿದಾಗಲೆಲ್ಲಾ ಅವರ ಭುಜ ತಾನಾಗಿ ಮುಂದೆ ಬರುತ್ತಿತ್ತು. “ಅತ್ತೇ!” ಎಂದು ನಾನು ಗದರಿಸುತ್ತಿದ್ದೆ. “ಇಲ್ಲ ಕಣಮ್ಮಾ, ಇಲ್ಲ” ಎಂದು ಹಿಂದೆ ಸರಿಯುತ್ತಿದ್ದರು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ.

ಮೊದಲ ಅಕ್ಷರ ಮುಚ್ಚಿತು, ನೂಲು ತೀರಿದ ಹುಳುಗಳನ್ನು ಎತ್ತಿ ಮೊರಕ್ಕೆ ಬಿಟ್ಟೆವು. ಎರಡನೆಯದೂ ಮುಚ್ಚಿತು. ಅದರ ಚೆಲುವನ್ನು ಹೇಗೆ ಹೇಳಲಿ! ಹಾಲಿನ ಕೆನೆ ಕಟ್ಟಿದ ಹಾಗೆ, ಒಂದು ಹೊಲಿಗೆ ಇಲ್ಲ, ಒಂದು ಗಂಟು ಇಲ್ಲ. ನಾನು ಬರೆದ ಅಕ್ಷರವೇ, ಆದರೆ ನಾನು ಬರೆಯಲು ಸಾಧ್ಯವೇ ಇರದಿದ್ದ ಅಕ್ಷರ. ಮೂರನೆಯದು ಮಾತ್ರ ಅರ್ಧಕ್ಕೆ ನಿಂತಿತ್ತು. ಆರತಕ್ಷತೆಗೆ ಹೊರಡುವ ಹೊತ್ತಿಗೂ ಅದರ ಹೊಟ್ಟೆಯ ಮೇಲೆ ಹುಳುಗಳು ತಲೆ ತೂಗುತ್ತಾ ನೂಲು ಬಿಡುತ್ತಲೇ ಇದ್ದವು.

“ಅದೊಂದನ್ನ ಬಿಟ್ಟು ಹೋಗೋಣ. ಥರ್ಮಾಕೋಲಲ್ಲಿ ಮಾಡ್ಸು” ಎಂದರು ಅತ್ತೆ.

“ಇಲ್ಲ, ಹಾಗೇ ತಗೊಂಡು ಹೋಗ್ತೀವಿ” ಎಂದಳು ನಾದಿನಿ.

ವ್ಯಾನಿನಲ್ಲಿ ಆ ಅಕ್ಷರವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮುಳಬಾಗಿಲಿನವರೆಗೂ ಕೂತೆ. ಗಾಡಿ ಓಡಿಸುತ್ತಿದ್ದ ಯಜಮಾನರಿಗೆ ರಸ್ತೆಯ ಒಂದೊಂದು ಉಬ್ಬಿಗೂ ನನ್ನಿಂದ ಬೈಗುಳ. “ಲೇ, ನನಗಿಂತ ಹುಳದ ಮೇಲೆ ನಿಂಗೆ ಪ್ರೀತಿ ಜಾಸ್ತಿ ಆಯ್ತಲ್ಲೇ” ಎಂದರು. ಹೌದು, ಆವತ್ತಿಗೆ ಜಾಸ್ತಿಯೇ.

ಛತ್ರದಲ್ಲಿ ಪನ್ನೀರು, ಊದುಬತ್ತಿ, ಸೆಂಟು! ಸ್ಟೇಜಿನ ಹತ್ತಿರ ಸಾಂಬ್ರಾಣಿ ಹಿಡಿದು ಬಂದವನನ್ನು ಅಟ್ಟಿಸಿಕೊಂಡು ಹೋದೆ. ಹುಡುಗನ ಹೆಸರನ್ನು ಅವರ ಕಡೆಯ ಡೆಕೊರೇಟರು ಥರ್ಮಾಕೋಲಿನಲ್ಲಿ ಮಾಡಿ ಮಿಂಚು ಉದುರಿಸಿದ್ದ. ಅದರ ಪಕ್ಕದಲ್ಲಿ ನಮ್ಮ ಮೂರಕ್ಷರ ನಿಲ್ಲಿಸಿ, ಹಿಂದೆ ಸಣ್ಣ ದೀಪ ಇಟ್ಟೆ. ರೇಷ್ಮೆಯೊಳಗಿಂದ ಬೆಳಕು ಬಂತು. ಊಟಕ್ಕೆ ಹೊರಟಿದ್ದವರು ನಿಂತರು. ಹೆಂಗಸರೆಲ್ಲಾ ಸ್ಟೇಜಿನ ಹತ್ತಿರ ಬಂದರು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸೋದರತ್ತೆಯೂ ಬಂದರು. ಸೀರೆ ಅಂಗಡಿಯವರ ಬೆರಳಲ್ಲವೇ, ಮೊದಲ ಅಕ್ಷರವನ್ನು ಎರಡು ಬೆರಳಿನಿಂದ ಸವರಿದರು. ಮತ್ತೆ ಸವರಿದರು. “ಎಂಥಾ ಬಟ್ಟೆ ಅಮ್ಮಾ ಇದು! ಒಂದು ಹೊಲಿಗೆ ಕಾಣಲ್ವಲ್ಲಾ. ಎಲ್ಲಿ ತಗೊಂಡ್ರಿ?” ಎಂದು ನನ್ನನ್ನು ಕೇಳಿದರು. ನನ್ನ ನಾಲಿಗೆ ತುರಿಸುತ್ತಿತ್ತು. ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದ ಅತ್ತೆ ನನ್ನನ್ನೇ ನೋಡುತ್ತಿದ್ದರು. “ರೇಷ್ಮೆ” ಎಂದೆ, ಅಷ್ಟೇ.

ಅವರು ಎರಡನೆಯದನ್ನು ದಾಟಿ ಮೂರನೆಯ ಅಕ್ಷರದ ಮುಂದೆ ಬಂದರು. ಅದೇ ಹೊತ್ತಿಗೆ ಒಂದು ಹುಳು ತುದಿಯಿಂದ ಜಾರಿ, ಅವರ ಕಾಲ ಹತ್ತಿರ, ಕೆಂಪು ಕಾರ್ಪೆಟ್ಟಿನ ಮೇಲೆ ಬಿತ್ತು.

“ಅಯ್ಯಯ್ಯೋ! ಹುಳ! ಹುಳ!”

ವಾಲಗ ನಿಂತುಹೋಯಿತು. ಛತ್ರವೆಲ್ಲಾ ಸ್ಟೇಜಿನ ಕಡೆ ತಿರುಗಿತು. ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದರು.

ಸ್ಟೇಜಿನ ಮೇಲೆ ಹುಡುಗನ ಜೊತೆ ಕೂತಿದ್ದ ನಾದಿನಿ ಕುರ್ಚಿಯಿಂದ ಎದ್ದಳು. ಭಾರದ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದು, ಕಾರ್ಪೆಟ್ಟಿನ ಮೇಲೆ ಮಂಡಿಯೂರಿ, ಮೆಹಂದಿಯ ಬೆರಳುಗಳಲ್ಲಿ ಹುಳುವನ್ನು ಎತ್ತಿಕೊಂಡಳು.

“ಹೆದರ್ಕೋಬೇಡಿ. ನಮ್ಮನೇ ಹುಳ” ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ. “ನನ್ನ ಹೆಸರನ್ನ ಇವೇ ಬರೆದಿದ್ದು. ಇನ್ನೂ ಮುಗಿದಿಲ್ಲ.”

ಸೋದರತ್ತೆಯ ಕೈ ಮೂಗಿನವರೆಗೆ ಹೋಗಿತ್ತು. ಅದೇ ಕೈಯಲ್ಲಿ ಈಗ ತಾನೇ ಅಕ್ಷರ ಸವರಿದ್ದರು. ಬೆರಳುಗಳನ್ನು ನೋಡಿಕೊಂಡರು, ಅಕ್ಷರವನ್ನು ನೋಡಿದರು, ಕೈ ಕೆಳಗಿಳಿಸಿದರು. ಹುಡುಗ ಆ ಹೊತ್ತಿಗೆ ನಾದಿನಿಯ ಪಕ್ಕಕ್ಕೆ ಬಂದು ಕೂತಿದ್ದ.

“ಕಚ್ಚುತ್ತಾ?”

“ಇಲ್ಲ.”

“ಹಾಗಾದ್ರೆ ಕೊಡು, ನಾನು ಬಿಡ್ತೀನಿ” ಎಂದು ಅಂಗೈ ಚಾಚಿದ.

ಅವಳು ಹುಳುವನ್ನು ಅವನ ಅಂಗೈಗೆ ಜಾರಿಸಿದಳು. ಅವನು ಎದ್ದು, ಉಸಿರು ಬಿಗಿಹಿಡಿದು, ಅಂಗೈಯನ್ನು ಆ ಅರ್ಧ ಅಕ್ಷರದ ಹತ್ತಿರ ಒಯ್ದ. ಇನ್ನೇನು ಬಿಡಬೇಕು, ಮುಂದಿನ ಸಾಲಿನಿಂದ ಅತ್ತೆ ಎದ್ದು ನಿಂತರು. ಬಹುವಚನ ಮರೆತಿತ್ತು, ಛತ್ರ ಮರೆತಿತ್ತು. ಹುಳುಮನೆಯಲ್ಲಿ ನಮ್ಮಿಬ್ಬರನ್ನೂ ಗದರುತ್ತಿದ್ದ ಅದೇ ಗಂಟಲಿನಲ್ಲಿ ಅಳಿಯನಿಗೆ ಕೂಗಿ ಹೇಳಿದರು:

“ಮೆಲ್ಲಗೆ ಕಣೋ! ಹಣ್ಣಾದ ಹುಳ ಅದು!”